ಸ್ಕ್ಯಾನ್ ಇಲ್ಲದೆ ಹಾಕಿದ ಇಂಪ್ಲಾಂಟ್

ಅಮ್ಮನಿಗೆ ಕೆಳದವಡೆಯ ಮುಂಭಾಗದಲ್ಲಿ ಇಂಪ್ಲಾಂಟ್ (ಕೃತಕ ಹಲ್ಲನ್ನು ಹಿಡಿದಿಡಲು ಮೂಳೆಯೊಳಗೆ ಕೂರಿಸುವ ತಿರುಪು) ಹಾಕಿಸಿದ ದಂತ ಚಿಕಿತ್ಸಾಲಯದ ಬಗ್ಗೆ ಬರೆಯುತ್ತಿದ್ದೇನೆ. ಶುಚಿತ್ವ, ಸಮಯಪಾಲನೆ ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಮೂರು ಆಯಾಮದ ಸ್ಕ್ಯಾನ್ ಮಾಡಿಸದೆ, ಸಾಮಾನ್ಯ ಎಕ್ಸ್‌ರೇ ನೋಡಿಯೇ ಮೂಳೆ ಕೊರೆದರು. ಇದನ್ನು ಕ್ಷಮಿಸಲಾರೆ. ಆ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಮೂಳೆಯ ಒಳಬದಿಯಲ್ಲಿ, ನಾಲಿಗೆಯ ಕೆಳಗೆ, ರಕ್ತನಾಳಗಳಿವೆ. ಡ್ರಿಲ್ ಒಳಗೋಡೆಯನ್ನು ದಾಟಿ ಅಲ್ಲಿಗೇ ತಗಲಿತ್ತು.

ಮನೆಗೆ ಬಂದ ಮೇಲೆ ಹೊರಗೆ ಬಂದ ರಕ್ತ ತೀರಾ ಕಡಿಮೆ. ಅದನ್ನು ನೋಡಿಯೇ ನಾವು ಮೋಸಹೋದೆವು. ಸಂಜೆಯ ಹೊತ್ತಿಗೆ ಅಮ್ಮನ ಮಾತು ತೊದಲಿತು, ಎಂಜಲು ನುಂಗಲಾಗಲಿಲ್ಲ. ಬಾಯಿ ತೆರೆಸಿ ಟಾರ್ಚ್ ಹಿಡಿದರೆ ನಾಲಿಗೆಯ ಕೆಳಗೆ ನೇರಳೆ ಬಣ್ಣದ ಊತ. ಒಳಗೇ ತುಂಬಿಕೊಂಡ ರಕ್ತ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಉಸಿರಿನ ದಾರಿಯನ್ನು ಮುಚ್ಚುತ್ತಿತ್ತು. ಚಿಕಿತ್ಸಾಲಯಕ್ಕೆ ಫೋನ್ ಮಾಡಿದಾಗ ಸಿಕ್ಕ ಉತ್ತರ: "ಐಸ್ ಇಡಿ, ನಾಳೆ ಬನ್ನಿ." ನಾಳೆಯವರೆಗೆ ಕಾದಿದ್ದರೆ ಅಮ್ಮ ಇರುತ್ತಿರಲಿಲ್ಲ ಎಂದು ತುರ್ತು ವಿಭಾಗದ ವೈದ್ಯರು ಹೇಳಿದರು. ಅವರು ಮೊದಲು ಉಸಿರಿನ ಕೊಳವೆ ಹಾಕಿ, ಆಮೇಲೆ ರಕ್ತನಾಳವನ್ನು ಕಟ್ಟಿದರು.

ಚಿಕಿತ್ಸಾಲಯಕ್ಕೆ ಒಂದೇ ನಕ್ಷತ್ರ ಕೊಡುತ್ತಿದ್ದೇನೆ. ಅದೂ ಮರುದಿನ ಆಸ್ಪತ್ರೆಗೆ ಬಂದು, ಅಮ್ಮನ ಕೈ ಹಿಡಿದು ಕ್ಷಮೆ ಕೇಳಿದ ಅಲ್ಲಿನ ಸಹಾಯಕಿಗೆ.