25 ಸಾಲುಗಳಲ್ಲಿ ಒಂದು ಮಗು: ಎಸ್‌ಡಿಕ್ಯೂ ಪ್ರಶ್ನಾವಳಿಯನ್ನು ತರಗತಿಯಲ್ಲಿ ಬಳಸಿದ ಮೇಲೆ

ಮಕ್ಕಳ ಓದು, ಬರಹ, ಲೆಕ್ಕವನ್ನು ಅಳೆಯುವ ಸಾಧನಗಳಿಗೆ ಶಾಲೆಯಲ್ಲಿ ಕೊರತೆಯಿಲ್ಲ. ಆದರೆ ಮಗು ಒಳಗೊಳಗೇ ಏನನ್ನು ಅನುಭವಿಸುತ್ತಿದೆ, ಜೊತೆಯವರೊಡನೆ ಹೇಗೆ ಬೆರೆಯುತ್ತಿದೆ ಎಂಬುದನ್ನು ಶಿಕ್ಷಕರಾದ ನಾವು ಬಹುಮಟ್ಟಿಗೆ ಅಂದಾಜಿನಿಂದಲೇ ಹೇಳುತ್ತೇವೆ. ಈ ಅಂದಾಜಿಗೆ ಒಂದು ಆಧಾರ ಬೇಕೆನಿಸಿ, ‘ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್’ (ಸಾಮರ್ಥ್ಯ ಮತ್ತು ತೊಂದರೆಗಳ ಪ್ರಶ್ನಾವಳಿ) ಎಂಬುದನ್ನು ಎರಡು ಶೈಕ್ಷಣಿಕ ವರ್ಷಗಳ ಕಾಲ ನನ್ನ ತರಗತಿಗಳಲ್ಲಿ ಬಳಸಿದೆ. ಎಸ್‌ಡಿಕ್ಯೂ ಎಂಬ ಹೆಸರಿನಿಂದಲೇ ಅದು ಹೆಚ್ಚು ಪರಿಚಿತ.

ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿಯಲ್ಲಿ 25 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ‘ನಿಜವಲ್ಲ’, ‘ಸ್ವಲ್ಪಮಟ್ಟಿಗೆ ನಿಜ’, ‘ಖಂಡಿತ ನಿಜ’ ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಗುರುತಿಸಬೇಕು. ಭಾವನಾತ್ಮಕ ತೊಂದರೆ, ನಡವಳಿಕೆ, ಅತಿಚಟುವಟಿಕೆ ಮತ್ತು ಗಮನದ ಕೊರತೆ, ಒಡನಾಡಿಗಳೊಡನೆ ಸಂಬಂಧ, ಪರರ ಬಗೆಗಿನ ಕಾಳಜಿ ಎಂಬ ಐದು ಗುಂಪುಗಳಲ್ಲಿ ತಲಾ ಐದು ಹೇಳಿಕೆಗಳು ಬರುತ್ತವೆ. ಮೊದಲ ನಾಲ್ಕರ ಅಂಕಗಳನ್ನು ಕೂಡಿದರೆ ಗರಿಷ್ಠ 40, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚೆಂದು ಅರ್ಥ. ಶಿಕ್ಷಕರಿಗೆ ಮತ್ತು ಪೋಷಕರಿಗೆ ಬೇರೆ ಬೇರೆ ನಮೂನೆಗಳಿವೆ, 11 ವರ್ಷ ದಾಟಿದ ಮಕ್ಕಳು ತಾವೇ ತುಂಬಬಹುದು. ಲಾಭದ ಉದ್ದೇಶವಿಲ್ಲದೆ ಬಳಸುವವರಿಗೆ ಕಾಗದದ ನಮೂನೆ ಉಚಿತವಾಗಿ ದೊರೆಯುತ್ತದೆ. ಒಂದು ಎಚ್ಚರಿಕೆ ಅಗತ್ಯ: ಐದು ಹೇಳಿಕೆಗಳು ಒಳ್ಳೆಯ ಗುಣವನ್ನು ಹೇಳುತ್ತಲೇ ತೊಂದರೆಯ ಗುಂಪಿಗೆ ಸೇರಿರುವುದರಿಂದ ಅವುಗಳ ಅಂಕವನ್ನು ತಿರುಗಿಸಿ ಕೊಡಬೇಕು. ಮೊದಲ ಸಲ ಇದನ್ನು ಗಮನಿಸದೆ ಇಡೀ ತರಗತಿಯ ಲೆಕ್ಕವನ್ನು ಮತ್ತೆ ಮಾಡಬೇಕಾಯಿತು.

ಇದರ ನಿಜವಾದ ಬೆಲೆ ನನಗೆ ತಿಳಿದದ್ದು ಒಬ್ಬ ಹುಡುಗಿಯಿಂದ. ತರಗತಿಯಲ್ಲಿ ಅವಳು ಎಂದೂ ಸದ್ದು ಮಾಡಿದವಳಲ್ಲ, ಮನೆಪಾಠ ತಪ್ಪಿಸಿದವಳಲ್ಲ. ನಾನು ತುಂಬಿದ ನಮೂನೆಯಲ್ಲಿ ಅವಳ ಒಟ್ಟು ಅಂಕ 5. ಅವಳ ತಾಯಿ ತುಂಬಿದ ನಮೂನೆಯಲ್ಲಿ ಅದು 18 ಇತ್ತು, ಅದರಲ್ಲಿಯೂ ಭಾವನಾತ್ಮಕ ತೊಂದರೆಯ ಐದು ಸಾಲುಗಳಲ್ಲಿ ನಾಲ್ಕಕ್ಕೆ ‘ಖಂಡಿತ ನಿಜ’ ಎಂಬ ಗುರುತು ಬಿದ್ದಿತ್ತು. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ರಾತ್ರಿಯೆಲ್ಲ ಚಿಂತೆ. ಗಲಾಟೆ ಮಾಡುವ ಮಗು ಶಿಕ್ಷಕರ ಕಣ್ಣಿಗೆ ತಾನಾಗಿ ಬೀಳುತ್ತದೆ, ಒಳಗೇ ಹೆದರುವ ಮಗು ಬೀಳುವುದಿಲ್ಲ. ಎರಡು ನಮೂನೆಗಳು ಹೊಂದದಿದ್ದಾಗ ಯಾವುದು ಸರಿ ಎಂದು ತೀರ್ಮಾನಿಸಲು ಹೋಗದೆ, ಆ ವ್ಯತ್ಯಾಸ ಏಕೆ ಬಂತೆಂದು ಮನೆಯವರೊಡನೆ ಕುಳಿತು ಮಾತನಾಡುವುದೇ ಈ ಸಾಧನದ ಅತ್ಯುತ್ತಮ ಉಪಯೋಗವೆಂದು ಆಗ ಅರಿತೆ. ಎದ್ದು ನಿಂತು ಉತ್ತರಿಸಬೇಕಾದ ಭಯವೇ ಮುಖ್ಯ ಕಾರಣವೆಂದು ಆ ಮಾತುಕತೆಯಿಂದ ತಿಳಿಯಿತು. ಅವಳಿಗೆ ಕೆಲವು ವಾರ ಇಬ್ಬರ ಜೋಡಿಯಲ್ಲಿ ಉತ್ತರಿಸುವ ಅವಕಾಶ ಕೊಟ್ಟೆ, ಆಮೇಲೆ ನಾಲ್ವರ ಗುಂಪಿನಲ್ಲಿ. ಕೇವಲ ಕಳೆದ ಒಂದು ತಿಂಗಳ ಬಗ್ಗೆ ಕೇಳುವ ಮರುಪರಿಶೀಲನೆಯ ನಮೂನೆಯೂ ಇದೆ. ಅದನ್ನು ಆ ಅವಧಿಯ ಕೊನೆಯಲ್ಲಿ ತುಂಬಿದಾಗ ತಾಯಿಯ ಅಂಕ 11ಕ್ಕೆ ಇಳಿದಿತ್ತು.

ಹಲವರು ಬಿಟ್ಟುಬಿಡುವ ಪೂರಕ ಪುಟವನ್ನು ದಯವಿಟ್ಟು ಬಿಡಬೇಡಿ. ತೊಂದರೆ ಎಷ್ಟು ಕಾಲದಿಂದ ಇದೆ, ಮಗುವಿಗೆ ಅದರಿಂದ ಸಂಕಟವಾಗುತ್ತಿದೆಯೇ, ಕಲಿಕೆಗೂ ಗೆಳೆತನಕ್ಕೂ ಅಡ್ಡಿಯಾಗುತ್ತಿದೆಯೇ ಎಂದು ಅದು ಕೇಳುತ್ತದೆ. ಒಂದೇ ಅಂಕ ಪಡೆದ ಇಬ್ಬರು ಮಕ್ಕಳಲ್ಲಿ ಯಾರಿಗೆ ಮೊದಲು ನೆರವು ಬೇಕೆಂಬುದನ್ನು ನನಗೆ ತೋರಿಸಿದ್ದು ಈ ಪುಟವೇ.

ಕೊರತೆಗಳೂ ಸಣ್ಣವಲ್ಲ. ಸಾಮಾಜಿಕ, ಭಾವನಾತ್ಮಕ ಬೆಳವಣಿಗೆ ಎಂದರೆ ತನ್ನ ಭಾವನೆಯನ್ನು ಗುರುತಿಸಿ ಹೆಸರಿಸುವುದು, ಸಿಟ್ಟನ್ನು ತಡೆದುಕೊಳ್ಳುವುದು, ಜಗಳವನ್ನು ಮಾತಿನಿಂದ ಬಗೆಹರಿಸುವುದು. ಈ ಕೌಶಲಗಳನ್ನು ಅಳೆಯಲು ಇಲ್ಲಿ ಹೆಚ್ಚಿನ ಸಾಲುಗಳಿಲ್ಲ. ಹೆಸರಿನಲ್ಲಿ ಸಾಮರ್ಥ್ಯ ಮೊದಲು ಬಂದರೂ ಒಳಗೆ ತೊಂದರೆಗಳದ್ದೇ ಮೇಲುಗೈ. ಅಂಕ ಬಂದ ಮೇಲೆ ತರಗತಿಯಲ್ಲಿ ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ.

ಇನ್ನು ಮಿತಿರೇಖೆಗಳ ವಿಚಾರ. ಮೂಲ ವಿಂಗಡಣೆಯಲ್ಲಿ ಶಿಕ್ಷಕರ ನಮೂನೆಗೆ 16, ಪೋಷಕರ ನಮೂನೆಗೆ 17 ಮತ್ತು ಅದಕ್ಕೂ ಮೇಲಿನ ಅಂಕವನ್ನು ಅತಿ ಹೆಚ್ಚಿನ ವರ್ಗವೆಂದು ಇಟ್ಟಿದ್ದಾರೆ. ಸಾಮಾನ್ಯ ಮಕ್ಕಳ ಸಮೂಹದಲ್ಲಿ ಸುಮಾರು 10 ಶೇಕಡಾ ಮಕ್ಕಳು ಅದರಲ್ಲಿ ಬರುವಂತೆ ಎಳೆದ ಗೆರೆ ಅದು. ಆ ಗೆರೆ ದಾಟಿದ ಮಾತ್ರಕ್ಕೆ ಮಗುವಿಗೆ ಕಾಯಿಲೆಯಿದೆ ಎಂದಾಗುವುದಿಲ್ಲ. ನನಗೆ ತಿಳಿದ ಒಂದು ಶಾಲೆಯಲ್ಲಿ ಹೆಚ್ಚು ಅಂಕ ಬಂದ ಮಕ್ಕಳ ಹೆಸರುಗಳನ್ನು ಶಿಕ್ಷಕರ ಕೊಠಡಿಯ ಗೋಡೆಗೆ ಅಂಟಿಸಿದ್ದರು. ವಾರದೊಳಗೆ ಆ ಮಕ್ಕಳಿಗೆಲ್ಲ ಒಂದೇ ಅಡ್ಡಹೆಸರು ಬಂದಿತ್ತು. ಅದನ್ನು ನೆನೆದರೆ ಇಂದಿಗೂ ನೋವಾಗುತ್ತದೆ.

ತರಗತಿಯ ಮಕ್ಕಳನ್ನು ಚೆನ್ನಾಗಿ ಬಲ್ಲ, ಪೋಷಕರೊಡನೆ ಮಾತನಾಡಲು ಸಮಯವಿರುವ ಶಿಕ್ಷಕರಿಗೆ ಈ ಪ್ರಶ್ನಾವಳಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಹೊಸ ತರಗತಿ ಸಿಕ್ಕಾಗ ನಾನು ಮೂರು ತಿಂಗಳು ಕಳೆಯುವವರೆಗೆ ಇದನ್ನು ತುಂಬುವುದಿಲ್ಲ. ಪೋಷಕರ ಭೇಟಿಗೆ ದಿನ ಗೊತ್ತುಮಾಡದೆ ನಮೂನೆಗಳನ್ನು ಮನೆಗೆ ಕಳುಹಿಸುವುದೂ ಇಲ್ಲ.