ಬೆಂಗಳೂರಿನ ಹಳೇ ಮಿಷನ್ ಶಾಲೆ: ಒಂದರಿಂದ ಹತ್ತರವರೆಗೆ ನೋಡಿದವರ ಮಾತು

ಫೀಸು, ರಿಸಲ್ಟು, ಕಟ್ಟಡದ ಫೋಟೋ ಎಲ್ಲ ನೀವಾಗಲೇ ನೋಡಿರುತ್ತೀರಿ. ಇಂಥ ಶಾಲೆಗಳಿಗೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿರುವುದು ಅದಕ್ಕಲ್ಲ, ಮಕ್ಕಳನ್ನೆಲ್ಲ ಕೆಲವು ತಂಡಗಳಾಗಿ ಹಂಚಿ ಪೈಪೋಟಿಗೆ ಬಿಡುವ ‘ಹೌಸ್’ ಪದ್ಧತಿಗೆ.

ಬಿಷಪ್ ಕಾಟನ್ ಶಾಲೆಯನ್ನೇ ತಗೊಳ್ಳಿ. 1865ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ಶುರು ಮಾಡಿದ್ದು. ಹೆಸರು ಮಾತ್ರ ಆಗ ಕಲ್ಕತ್ತೆಯ ಬಿಷಪ್ ಆಗಿದ್ದ ಜಾರ್ಜ್ ಕಾಟನ್ ಅವರದು. ಭಾರತಕ್ಕೆ ಬರುವ ಮೊದಲು, 1852ರಿಂದ 1858ರವರೆಗೆ, ಅವರು ಇಂಗ್ಲೆಂಡಿನ ಮಾರ್ಲ್‌ಬರೋ ಶಾಲೆಯಲ್ಲಿ ಹೆಡ್‌ಮಾಸ್ಟರ್. ಅವರು ಅಲ್ಲಿಗೆ ಹೋಗುವ ಹಿಂದಿನ ವರ್ಷವಷ್ಟೇ ಅಲ್ಲಿಯ ಹುಡುಗರು ದಂಗೆ ಎದ್ದಿದ್ದರು. ಅವರನ್ನು ಮೈದಾನಕ್ಕಿಳಿಸಿ, ಆಟಕ್ಕೊಂದು ಶಿಸ್ತು ಕಟ್ಟಿಯೇ ಕಾಟನ್ ದಾರಿಗೆ ತಂದರು. ಇಂಥ ಶಾಲೆಗಳಲ್ಲಿ ಆಟ ಪಾಠದಷ್ಟೇ ತೂಕ ಪಡೆದಿರುವುದರ ಬೇರು ಅಲ್ಲಿದೆ.

ಹೌಸ್‌ನ ಸೊಗಸು ಇರುವುದು ಅಂಕ ಸೇರುವ ರೀತಿಯಲ್ಲಿ. ಓಟದಲ್ಲಿ ಮೊದಲು ಬಂದವರಿಗಷ್ಟೇ ಅಂಕವಲ್ಲ. ಗೊತ್ತುಮಾಡಿದ ಸಮಯದೊಳಗೆ ಓಡಿ ಮುಗಿಸಿದ ಪ್ರತಿ ಮಗುವೂ ಹೌಸ್‌ಗೆ ಒಂದಂಕ ತರುವ ಏರ್ಪಾಡು ಹಲವು ಕಡೆ ಇದೆ. ಕ್ವಿಜ್, ಚರ್ಚಾಸ್ಪರ್ಧೆ, ಹಾಡು ಎಲ್ಲವೂ ಅದೇ ಲೆಕ್ಕಕ್ಕೆ. ಹಾಗಾಗಿ ನಿಧಾನಕ್ಕೆ ಓಡುವ ಮಗುವನ್ನೂ ದೊಡ್ಡ ಕ್ಲಾಸಿನವರು ಹುಡುಕಿಕೊಂಡು ಬರುತ್ತಾರೆ. ಹೌಸ್‌ಗಳು ಸಾಲಾಗಿ ಹೆಜ್ಜೆ ಹಾಕುವ ಮಾರ್ಚ್‌ಪಾಸ್ಟ್ ಕೆಡುವುದು ಹೆಚ್ಚಾಗಿ ತಿರುವಿನಲ್ಲಿ: ಒಳಸಾಲಿನವರು ಹೆಜ್ಜೆ ಚಿಕ್ಕದು ಮಾಡಿ ಹೊರಸಾಲಿನವರು ದೊಡ್ಡದು ಇಡದಿದ್ದರೆ ಸಾಲು ಬಾಗುತ್ತದೆ. ಎಡಗಾಲು ದೊಡ್ಡ ಡ್ರಮ್ಮಿನ ಪೆಟ್ಟಿಗೇ ಬೀಳಬೇಕು.

ಪಿಟಿ ದಿನದ ಹಿಂದಿನ ಸಂಜೆ ಬಿಳಿ ಕ್ಯಾನ್‌ವಾಸ್ ಶೂ ಕೆಲಸ. ಲೇಸ್ ಬಿಚ್ಚಿ ಬೇರೆ ತೊಳೆಯಿರಿ. ಬಟ್ಟೆ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಶೂ ವೈಟ್ನರ್ ತೆಳ್ಳಗೆ ಹಚ್ಚಿ, ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ದಪ್ಪಗೆ ಬಳಿದರೆ ಬೆರಳು ಮಡಚುವ ಜಾಗದಲ್ಲಿ ಬಿರುಕು ಬಿಟ್ಟು ಪುಡಿ ಉದುರುತ್ತದೆ.

ಒಂಬತ್ತನೇ ಕ್ಲಾಸಿಗೆ ಬಂದಾಗ ಬೇಸರ ಶುರು. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯಾದ ಐಸಿಎಸ್‌ಇಯಲ್ಲಿ ಪ್ರಾಜೆಕ್ಟು, ಟ್ಯೂಷನ್ನು ಸೇರಿ ಸಂಜೆಯ ಪ್ರಾಕ್ಟೀಸನ್ನು ತಿಂದುಹಾಕುತ್ತವೆ. ಎಂಟು ವರ್ಷ ಹೌಸ್‌ಗಾಗಿ ಓಡಿದ ಮಗು ಕೊನೆಗೆ ಚಪ್ಪಾಳೆ ತಟ್ಟುವ ಸಾಲಿನಲ್ಲಿ ಕೂರುತ್ತದೆ. ಇದು ಬೋರ್ಡಿನ ತಪ್ಪಲ್ಲ, ವೇಳಾಪಟ್ಟಿ ಹಾಕುವವರದು. ಬೆಳಗಿನ ಒಂದು ಪೀರಿಯಡ್ ಉಳಿಸಿಕೊಟ್ಟರೂ ಸಾಕಿತ್ತು.

ಕನ್ನಡದ್ದು ಇನ್ನೂ ನೋವಿನ ವಿಷಯ. ದ್ವಿತೀಯ ಭಾಷೆಯ ಬರವಣಿಗೆ ಪರೀಕ್ಷೆ 80 ಅಂಕ, ಅರ್ಧ ಭಾಷೆ, ಅರ್ಧ ಸಾಹಿತ್ಯ. ಉಳಿದ 20 ಶಾಲೆಯ ಕೈಯಲ್ಲಿ. ಪ್ರಬಂಧ, ಪತ್ರಗಳನ್ನು ಬಾಯಿಪಾಠ ಮಾಡಿಸಿದರೆ ಅಂಕವೇನೋ ಬರುತ್ತದೆ, ಮಾತು ಬರುವುದಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ಅಚ್ಚು ಮಾಡಿದ್ದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು. ಆ ಪರಂಪರೆಯ ಪಕ್ಕದಲ್ಲಿ ನಿಂತ ಶಾಲೆಗಳು ಚರ್ಚಾಸ್ಪರ್ಧೆಯನ್ನು ಇಂಗ್ಲಿಷಿಗಷ್ಟೇ ಮೀಸಲಿಡಬಾರದು. ಕನ್ನಡ ಚರ್ಚೆಗೂ ಹೌಸ್ ಅಂಕ ಕೊಡಲಿ, ಮಕ್ಕಳು ತಾವಾಗೇ ಕಲಿಯುತ್ತಾರೆ.

ಪ್ರಾರ್ಥನೆ ಬಗ್ಗೆ ಕೇಳುವವರಿಗೆ: ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಪೂಜೆಗೆ ಕೂರಿಸುವಂತಿಲ್ಲ. ಆರ್‌ಟಿಇ ಸೀಟಿಗಾಗಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡಮಕ್ಕಳಿಗೆ ಸಿಗುವ ಉಚಿತ ಸೀಟಿಗಾಗಿ, ಕಾಯಬೇಡಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕ್ರೈಸ್ತ ಸಂಸ್ಥೆಗಳು ನಡೆಸುವ ಇಂಥ ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಮನೆ ದೂರವಿದ್ದರೆ ಸೇರಿಸುವ ಮುನ್ನ ಎರಡು ಸಲ ಯೋಚಿಸಿ: ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಶಾಲಾ ಬಸ್ ಹೊರಟುಹೋಗಿರುತ್ತದೆ.