ಮಾದರಿ ತುಂಡು ಒಂದು, ಲಾರಿಯಲ್ಲಿ ಬಂದ ಪ್ಲೈವುಡ್ ಇನ್ನೊಂದು: ದೋಣಿ ಕಟ್ಟುವವರು ದಯವಿಟ್ಟು ಓದಿ

ಸಾಗರಕ್ಕೆ ಇಳಿಯುವ ದೋಣಿಗಾಗಿ ಮರೈನ್ ಪ್ಲೈವುಡ್ ತರಿಸಲು ಹೊರಟಿರುವವರು ಮೊದಲು ಇದನ್ನು ಪೂರ್ತಿ ಓದಿ, ಆಮೇಲೆ ಹಣ ಕೊಡಿ. ನನಗೆ ತೋರಿಸಿದ್ದು ಒಂದು ಮಾಲು, ಮನೆಗೆ ಬಂದದ್ದು ಇನ್ನೊಂದು ಮಾಲು, ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರು. ಕಪಾಟು ಮಾಡಿಸುವವರಿಗೆ ಇದು ದುಡ್ಡಿನ ನಷ್ಟವಷ್ಟೇ ಆದೀತು. ನೆಲದಿಂದ ನೂರಾರು ಮೈಲಿ ದೂರದಲ್ಲಿ ಒಬ್ಬನೇ ಇರಬೇಕಾದವನಿಗೆ ಇದು ಪ್ರಾಣದ ಪ್ರಶ್ನೆ.

ನಾನು ಕಟ್ಟುತ್ತಿರುವುದು ಗ್ಲೋಬ್ 5.80 ವರ್ಗದ ಹಾಯಿದೋಣಿ. ಪೋಲೆಂಡಿನ ಯಾನುಷ್ ಮಾದೆರ್ಸ್ಕಿಯವರ ವಿನ್ಯಾಸದ, 5.80 ಮೀಟರ್ ಉದ್ದದ ಈ ದೋಣಿಯನ್ನು ಪ್ಲೈವುಡ್ ಮತ್ತು ಎಪಾಕ್ಸಿ ಅಂಟಿನಿಂದ ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು. ಇಂಥ ದೋಣಿಗಳಲ್ಲಿ ಒಬ್ಬೊಬ್ಬರೇ ಪೋರ್ಚುಗಲ್ಲಿನ ಲಾಗೋಸಿನಿಂದ ಹೊರಟು, ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪ ಆಂಟಿಗುವಾ ತಲುಪುವ ಸ್ಪರ್ಧೆ 2021ರಲ್ಲಿ ಮೊದಲ ಸಲ ನಡೆಯಿತು. 2023ರಲ್ಲಿ ನಮ್ಮ ನಾವಿಕ ಅಭಿಲಾಷ್ ಟೋಮಿಯವರು, ಒಬ್ಬರೇ ಎಲ್ಲೂ ನಿಲ್ಲದೆ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎರಡನೆಯವರಾಗಿ ಪ್ರಪಂಚ ಸುತ್ತಿ ಬಂದಾಗಲೇ ನಾನು ಈ ದೋಣಿ ಕಟ್ಟುವುದೆಂದು ನಿಶ್ಚಯಿಸಿದೆ. ಕೊಡಗಿನಲ್ಲಿ ಸಮುದ್ರವೆಲ್ಲಿದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ದೋಣಿ ಕಟ್ಟಲು ಮೊದಲು ಬೇಕಾದುದು ಒಣಗಿದ ಸೂರು, ಅದು ನಮ್ಮ ಕಾಫಿ ಕಣದ ಪಕ್ಕದ ಗೋದಾಮಿನಲ್ಲಿದೆ.

ವ್ಯಾಪಾರಿ ಘಟ್ಟದ ಕೆಳಗಿನವರು. ಮರೈನ್ ಪ್ಲೈವುಡ್ಡಿನ ಭಾರತೀಯ ಮಾನದಂಡವಾದ ಐಎಸ್ 710 ದರ್ಜೆಯ ಮಾಲೇ ಬೇಕು, ಒಳಪದರಗಳಲ್ಲಿ ಗ್ಯಾಪ್ ಇರಕೂಡದು, ಇದು ಮನೆಯ ಕೆಲಸಕ್ಕಲ್ಲ, ಸಾಗರದ ದೋಣಿಗೆ ಎಂದು ನಾನು ಮೊದಲ ಫೋನಿನಲ್ಲಿಯೇ ಬಿಡಿಸಿ ಹೇಳಿದ್ದೆ. ಅವರು ಒಂದು ಮಾದರಿ ತುಂಡನ್ನೂ, ಹಲಗೆಯ ಮೇಲಿನ ಐಎಸ್‌ಐ ಮುದ್ರೆಯ ಫೋಟೋವನ್ನೂ ಕಳುಹಿಸಿದರು. ಮುದ್ರೆಯ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು, ಅಂದರೆ ತಯಾರಕರ ಪರವಾನಗಿ ಸಂಖ್ಯೆಯನ್ನು, ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ, ತಯಾರಕರ ಹೆಸರು ಸರಿಹೋಯಿತು. ತುಂಡನ್ನು, ಐಎಸ್ 710ರಲ್ಲಿ ಹೇಳಿರುವಂತೆ, 72 ಗಂಟೆ ಕುದಿಸಿದೆ. ಬಚ್ಚಲ ಹಂಡೆಯ ಒಲೆ ಹಗಲೂ ರಾತ್ರಿ ಆರದಂತೆ ಮನೆಯವರೆಲ್ಲ ಸರದಿಯಲ್ಲಿ ಸೌದೆ ಒಡ್ಡಿದರು. ತುಂಡು ಕಬ್ಬಿಣದಂತೆ ಗಟ್ಟಿಯಾಗಿಯೇ ಉಳಿಯಿತು. ಇಷ್ಟೆಲ್ಲ ನೋಡಿದ ಮೇಲೆ ಮುಂಗಡ ಕಳುಹಿಸಿದೆ, ಉಳಿದದ್ದನ್ನು ಮಾಲು ಇಳಿಸುವಾಗ ಕೊಡುವುದೆಂದು ಮಾತಾಯಿತು.

ಲಾರಿ ಸಂಪಾಜೆ ಘಾಟಿ ಹತ್ತಿ ಬಂದದ್ದು ಮುಸ್ಸಂಜೆಯ ಹೊತ್ತಿಗೆ, ಸುರಿಯುವ ಮಳೆಯಲ್ಲಿ. ಕತ್ತಲಾದರೆ ಇಳಿಯುವುದು ಕಷ್ಟ, ಬೇಗ ದುಡ್ಡು ಹಾಕಿಸಿ ಎಂದು ಡ್ರೈವರ್ ಒಂದೇ ಸಮನೆ ಅವಸರ ಮಾಡುತ್ತಿದ್ದ. ಮೇಲಿನ ಹಲಗೆಗಳಲ್ಲಿ ಮುದ್ರೆ ಇತ್ತು, ಕಂಡೆ, ಹಣ ಕೊಟ್ಟೆ. ಆ ಮುದ್ರೆಯ ಸಂಖ್ಯೆಯಲ್ಲಿ ಕೊನೆಯ ಅಂಕಿಗಳು ಬಟ್ಟೆಯಿಂದ ಒರೆಸಿದಂತೆ ಕಲಸಿಹೋಗಿವೆ ಎಂಬುದು ಬೆಳಕಿಗೆ ಬಂದದ್ದು ಮರುದಿನ. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ, ಅದೇ ಜಾಗದಲ್ಲಿ.

ಅನುಮಾನ ಖಚಿತವಾದದ್ದು ಪಟಸ್ತಂಭದ (ಹಾಯಿ ಕಟ್ಟುವ ಕಂಬದ) ಕೆಳಗೆ ಬರುವ ಅಡ್ಡಗೋಡೆಯನ್ನು ಕತ್ತರಿಸುವಾಗ. ಗರಗಸದ ಯಂತ್ರದ ಸದ್ದು ಇದ್ದಕ್ಕಿದ್ದಂತೆ ಹಗುರವಾಯಿತು, ಬ್ಲೇಡು ತಡೆಯಿಲ್ಲದೆ ಮುಂದಕ್ಕೆ ಜಾರಿತು. ನಮ್ಮ ಆಚಾರಿ ಯಂತ್ರ ನಿಲ್ಲಿಸಿ ಅಂಚನ್ನು ಉಜ್ಜಿ ನೋಡಿ, "ಅಣ್ಣಾ, ಒಳಗೆ ಟೊಳ್ಳುಂಟು" ಎಂದ. ಕತ್ತರಿಸಿದ ಅಂಚಿನಲ್ಲಿ ಎರಡು ಪದರಗಳ ನಡುವೆ ಹ್ಯಾಕ್ಸಾ ಬ್ಲೇಡನ್ನು ತೂರಿಸಿದರೆ ಬೆರಳುದ್ದ ಒಳಗೆ ಹೋಯಿತು. ಇನ್ನೊಂದು ಕಡೆ ಟೊಳ್ಳಿಗೆ ಮರದ ಹೊಟ್ಟು ಮತ್ತು ಅಂಟು ಕಲಸಿ ಮೆತ್ತಿದ್ದರು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ನಾನು ಆಗ ಆಚಾರಿಯ ಮುಖ ನೋಡಲಾರದೆ ಹೋದೆ. ಊರಿನವರನ್ನೆಲ್ಲ ಕರೆದು, ಇದು ಅಟ್ಲಾಂಟಿಕ್ ದಾಟುವ ದೋಣಿ ಎಂದು ತೋರಿಸಿದ್ದ ಗೋದಾಮು ಅದು.

ಹಂಡೆಗೆ ಮತ್ತೆ ಬೆಂಕಿ ಹಾಕಿದೆವು, ಈ ಸಲ ಬಂದ ಲೋಡಿನ ಪ್ರತಿಯೊಂದು ಹಲಗೆಯ ತುಂಡುಗಳನ್ನು ಹಾಕಿ. 72 ಗಂಟೆ ಕಾಯಬೇಕಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಪದರಗಳು ಬಿಟ್ಟುಕೊಂಡು ಬೇರೆಬೇರೆಯಾಗಿ ತೇಲುತ್ತಿದ್ದವು, ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಮರೈನ್ ಪ್ಲೈವುಡ್ಡಿಗೆ ಬಳಸುವ ನಿಜವಾದ ಫಿನಾಲಿಕ್ ಅಂಟಿನ ಗೆರೆ ಗಾಢ ಕಂದಾಗಿರುತ್ತದೆ, ಅದು ನೀರಿಗೆ ಕರಗುವುದಿಲ್ಲ. ಇಲ್ಲಿ ಅಗ್ಗದ ಅಂಟಿಗೆ ಬಣ್ಣ ಬೆರೆಸಿ ಕಣ್ಣು ಕಟ್ಟಿದ್ದಾರೆಂದೇ ನನ್ನ ತೀರ್ಮಾನ.

ಇನ್ನು ಅವರ ಉತ್ತರಗಳನ್ನು ಕೇಳಿ. ಮೊದಲ ಸಲ ಫೋನು ಮಾಡಿದಾಗ, "ಪ್ಲೈವುಡ್ ಯಾರಾದರೂ ಕುದಿಸ್ತಾರಾ ಸರ್?" ಎಂದರು. ಅವರೇ ಕಳುಹಿಸಿದ ಮಾದರಿಯನ್ನು ಕುದಿಸಿದ್ದೆ, ಅದು ಅವರಿಗೂ ಗೊತ್ತಿತ್ತು, "ನೋಡಿದ್ರಲ್ಲ ಸರ್, ನಮ್ಮ ಮಾಲು ಅಂದ್ರೆ ಹಾಗೆ" ಎಂದು ಹೆಮ್ಮೆಪಟ್ಟಿದ್ದರು ಕೂಡ. ಎರಡನೆಯ ಸಲ, "ಅದು ನಿಮ್ಮ ಊರಿನ ಮಳೆ ಸರ್, ಥಂಡಿ ಹಿಡಿದಿದೆ, ನಮ್ಮ ಮಾಲಿನದ್ದೇನೂ ತಪ್ಪಿಲ್ಲ" ಎಂದರು. ಸೂರಿನ ಕೆಳಗೆ, ನೆಲದಿಂದ ಎತ್ತರದಲ್ಲಿ ಅಟ್ಟಣೆ ಹಾಕಿ ಜೋಡಿಸಿಟ್ಟ ಮರೈನ್ ಪ್ಲೈವುಡ್ ಕೊಡಗಿನ ಮಳೆಗಾಲದ ಥಂಡಿಯನ್ನೇ ತಾಳುವುದಿಲ್ಲವೆಂದರೆ ಅದು ಅಟ್ಲಾಂಟಿಕ್ಕಿನ ನೀರನ್ನು ಹೇಗೆ ತಾಳೀತು? ಈ ಪ್ರಶ್ನೆಗೆ ಅವರು ಫೋನು ಇಟ್ಟರು. ಫೋಟೋಗಳನ್ನು ಕಳುಹಿಸಿದ ಮೇಲೆ ಬಂದ ಉತ್ತರ ನನ್ನನ್ನು ಇಂದಿಗೂ ಸುಡುತ್ತಿದೆ: "ಕೊಡಗಿನವರು ದೋಣಿ ಮಾಡ್ತೀನಿ ಅಂದಾಗ ಶೋಗೆ ಅಂದುಕೊಂಡೆ ಸರ್. ನೀರಿಗೆ ಇಳಿಸ್ತೀರಿ ಅಂತ ನಮಗೇನು ಗೊತ್ತು?" ಮೊದಲ ಫೋನಿನಲ್ಲಿಯೇ ಹೇಳಿದ್ದೆ. ಬರೆದೂ ಕಳುಹಿಸಿದ್ದೆ. ಆ ಸಂದೇಶ ನನ್ನ ಬಳಿ ಈಗಲೂ ಇದೆ.

ಟೊಳ್ಳು ಏನು ಮಾಡುತ್ತದೆ ಎಂಬುದನ್ನು ತಿಳಿಯದವರಿಗಾಗಿ ಹೇಳುತ್ತೇನೆ. ಒಂದು ಸ್ಕ್ರೂ ತೂತಿನಿಂದ ಒಳಗಿಳಿದ ನೀರು ಟೊಳ್ಳಿನಲ್ಲಿ ನಿಂತು ಹಲಗೆಯನ್ನು ಒಳಗಿನಿಂದ ಕೊಳೆಸುತ್ತದೆ, ಹೊರಗೆ ಬಣ್ಣ ಮಿರುಗುತ್ತಲೇ ಇರುತ್ತದೆ. ಅಲೆಗೆ ದೋಣಿ ಎದ್ದು ಬಿದ್ದಾಗಲೆಲ್ಲ ತಳದ ಹಲಗೆ ಬಾಗುತ್ತದೆ, ಒಳಗೆ ಆಸರೆಯಿಲ್ಲದ ಜಾಗದಲ್ಲಿ ಮೇಲ್ಪದರ ಸೀಳುತ್ತದೆ. ಪಟಸ್ತಂಭವನ್ನು ಹಿಡಿದ ತಂತಿಗಳ ಎಳೆತವೆಲ್ಲ ಸೇರಿ ಸ್ತಂಭವನ್ನು ಕೆಳಕ್ಕೆ ಒತ್ತುವುದರಿಂದ ಅದರ ಕೆಳಗಿನ ಅಡ್ಡಗೋಡೆಯ ಮೇಲೆ ಬೀಳುವ ಭಾರ ಸಣ್ಣದಲ್ಲ. ಒಂದು ಕೋಣೆಗೆ ನೀರು ನುಗ್ಗಿದರೂ ಇನ್ನೊಂದಕ್ಕೆ ಹೋಗದಂತೆ ತಡೆಯಬೇಕಾದುದೂ ಅಡ್ಡಗೋಡೆಗಳೇ. ಚುಕ್ಕಾಣಿ ಹಿಡಿಯುವವನೂ, ನೀರು ಎತ್ತಿ ಹಾಕುವವನೂ, ನಿದ್ದೆ ಮಾಡಬೇಕಾದವನೂ ಒಬ್ಬನೇ ಇರುವ ದೋಣಿಯಲ್ಲಿ ಅಂಥ ಗೋಡೆ ಬಿರಿದರೆ ಏನಾಗುತ್ತದೆ ಎಂದು ಆ ವ್ಯಾಪಾರಿ ಒಂದು ಕ್ಷಣವಾದರೂ ಯೋಚಿಸಿದರೇ? ಯೋಚಿಸಿರಲಾರರು.

ದುಡ್ಡು ವಾಪಸ್ ಕೇಳಿದ್ದಕ್ಕೆ, "ಕೇಸು ಹಾಕೋದಾದ್ರೆ ನಮ್ಮ ಊರಿಗೇ ಬರಬೇಕು ಸರ್, ಓಡಾಡಿ" ಎಂದು ಹೇಳಿದರು. ಇದು ಸುಳ್ಳು, ಇಂಥ ಮಾತಿಗೆ ಯಾರೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಎರಡು ವರ್ಷಗಳೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ನಾನು ಮಡಿಕೇರಿಯಲ್ಲಿಯೇ ದೂರು ಕೊಡುತ್ತಿದ್ದೇನೆ. ಐಎಸ್‌ಐ ಮುದ್ರೆಯ ದುರ್ಬಳಕೆ 2016ರ ಬಿಐಎಸ್ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆ ಕಲಸಿದ ಮುದ್ರೆಗಳ ಫೋಟೋಗಳನ್ನು ಬಿಐಎಸ್‌ಗೂ ಕಳುಹಿಸಿದ್ದೇನೆ.

ಮಾಲು ತರಿಸುವವರು ಮಾದರಿ ತುಂಡನ್ನು ನಂಬಬೇಡಿ. ಲಾರಿಯಲ್ಲಿ ಬಂದ ಹಲಗೆಗಳಿಂದಲೇ ತುಂಡು ಕತ್ತರಿಸಿ ಕುದಿಸಿ, ಆ ಮೂರು ದಿನ ಬಾಕಿ ಹಣ ನಿಮ್ಮ ಕೈಯಲ್ಲಿಯೇ ಇರಲಿ, ಒಪ್ಪದವರ ಬಳಿ ವ್ಯಾಪಾರವೇ ಬೇಡ. ಬಿಲ್ಲಿನಲ್ಲಿ ಐಎಸ್ 710 ಎಂದೂ ಸಿಎಂ/ಎಲ್ ಸಂಖ್ಯೆಯನ್ನೂ ಬರೆಸಿಕೊಳ್ಳಿ, ಮುದ್ರೆಯ ಪ್ರತಿ ಅಂಕಿಯನ್ನೂ ಹಗಲು ಬೆಳಕಿನಲ್ಲಿ ಓದಿ. ಮಳೆಯಲ್ಲಿ, ಸಂಜೆ ಹೊತ್ತಿನಲ್ಲಿ ಮಾಲು ಇಳಿಸಿಕೊಳ್ಳಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನನ್ನ ಅಡ್ಡಗೋಡೆಗಳನ್ನೆಲ್ಲ ಒಡೆದು ತೆಗೆದಾಗಿದೆ, ಮುಂದಿನ ಲೋಡು ಬೇರೆಯವರಿಂದ ಬರುತ್ತದೆ. ಈ ಸಲ ಕುದಿಸಿ ನೋಡುವವರೆಗೂ ಅವರಿಗೆ ಬಾಕಿ ಹಣ ಹೋಗುವುದಿಲ್ಲ.